ಮನೆಯೊಳಗೊಂದು ಧ್ವನಿಗ್ರಾಹಕ

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಅದಿಲ್ಲ. ಬೇಡವೆನಿಸಿದ ನೋಟದಿಂದ ಮುಖ ತಿರುಗಿಸಬಹುದು, ಬೇಡವಾದ ಸದ್ದನ್ನು ಹಾಗೆ ತಡೆಯಲಾಗದು. ಆದುದರಿಂದಲೇ ಧ್ವನಿಯನ್ನು ಮನೆಯೊಳಕ್ಕೆ ಬರಮಾಡಿಕೊಳ್ಳುವವನು ಬೆಳಕನ್ನು ಬರಮಾಡಿಕೊಳ್ಳುವವನಿಗಿಂತ ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ಹಿತವಾದ ಧ್ವನಿ ಮನೆಯನ್ನು ಬೆಳಗುತ್ತದೆ. ಅಹಿತವಾದ ಧ್ವನಿ ಆ ಮನೆಯನ್ನು ಮಾತ್ರವಲ್ಲ, ಪಕ್ಕದ ನಾಲ್ಕು ಮನೆಗಳನ್ನೂ ಕಾಡುತ್ತದೆ.

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಲಕ್ಕೂರು ಒಂದು ಹೋಬಳಿಯ ಕೇಂದ್ರ. ಇಂಥ ಊರುಗಳಲ್ಲಿ ಒಂದು ಕಾಲಕ್ಕೆ ಸಂಗೀತವನ್ನು ಕೇಳಬೇಕಾದರೆ ಹಾಡುವವನು ಎದುರಿಗೇ ಇರಬೇಕಾಗಿತ್ತು. ಜಾತ್ರೆಯ ತಮಟೆ, ದೇವಾಲಯದ ನಾಗಸ್ವರ, ಹರಿಕಥೆ, ಭಜನೆ ಇವೇ ಜನರ ಕಿವಿಗೆ ಹಬ್ಬ. ಯಂತ್ರದ ಮೂಲಕ ಬರುವ ಧ್ವನಿ ಕನ್ನಡನಾಡಿಗೆ ಪರಿಚಿತವಾದದ್ದು 20ನೆಯ ಶತಮಾನದ ಮೊದಲ ದಶಕಗಳಲ್ಲಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಮರುವರ್ಷ, ಎಂದರೆ 1935ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ಭಾರತದ ಬಾನುಲಿಗೆ ಹೆಸರಾಯಿತು. ಅಲ್ಲಿಂದಾಚೆಗೆ ಒಂದು ಮರದ ಪೆಟ್ಟಿಗೆ, ಅದರ ಮುಂದೆ ಒಂದು ಗುಂಡಿ, ಸುತ್ತ ಕುಳಿತ ಮನೆಮಂದಿ ಎಂಬ ಚಿತ್ರ ನಾಡಿನ ಊರೂರಿನಲ್ಲಿಯೂ ಸಾಮಾನ್ಯವಾಯಿತು.

ಆ ಪೆಟ್ಟಿಗೆಯನ್ನು ಗ್ರಾಹಕ ಅಥವಾ ರಿಸೀವರ್ ಎಂದು ಕರೆಯುತ್ತಿದ್ದರು. ಬಾನಿನ ಅಲೆಗಳನ್ನು ಗ್ರಹಿಸುವುದು ಅದರ ಕೆಲಸ. ಇಂದು ಮನೆಯ ಚಿತ್ರಮಂದಿರಕ್ಕೆ, ಎಂದರೆ ಹೋಂ ಥಿಯೇಟರ್‌ಗೆ, ಕೊಳ್ಳುವ ಯಂತ್ರವನ್ನೂ ರಿಸೀವರ್ ಎಂದೇ ಕರೆಯುತ್ತಾರೆ. ಬಾನುಲಿಯನ್ನು ಹಿಡಿಯುವ ಭಾಗ ಈಗ ಅದರ ಹಲವು ಅಂಗಗಳಲ್ಲಿ ಒಂದು ಚಿಕ್ಕ ಅಂಗ ಮಾತ್ರ. ಕೆಲವು ಯಂತ್ರಗಳಲ್ಲಿ ಅದೂ ಇಲ್ಲ. ಹೆಸರು ಮಾತ್ರ ಹಳೆಯದಾಗಿ ಉಳಿದುಕೊಂಡಿದೆ. ಊರು ಬೆಳೆದರೂ ಅದರ ಹೆಸರು ಹಳೆಯದೇ ಆಗಿರುವಂತೆ ಇದೂ ಒಂದು.

ಹಳೆಯ ಬಾನುಲಿ ಪೆಟ್ಟಿಗೆಯಲ್ಲಿ ಧ್ವನಿ ಒಂದೇ ಕಡೆಯಿಂದ ಹೊರಡುತ್ತಿತ್ತು. ಆದರೆ ಮನುಷ್ಯನಿಗೆ ಇರುವುದು ಎರಡು ಕಿವಿಗಳು. ಬಲಗಡೆ ಕೂಗಿದ ಧ್ವನಿ ಬಲಗಿವಿಯನ್ನು ಮೊದಲು, ಎಡಗಿವಿಯನ್ನು ಕ್ಷಣದ ಅತ್ಯಲ್ಪ ಭಾಗದಷ್ಟು ತಡವಾಗಿ ತಲುಪುತ್ತದೆ. ಎಡಗಿವಿಯಲ್ಲಿ ಅದು ತುಸು ಮಂದವೂ ಆಗಿರುತ್ತದೆ. ಈ ಅಲ್ಪ ವ್ಯತ್ಯಾಸದಿಂದಲೇ ಮೆದುಳು ಧ್ವನಿಯ ದಿಕ್ಕನ್ನು ಅರಿಯುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1931ರಲ್ಲಿ ಈ ತತ್ತ್ವವನ್ನು ಆಧರಿಸಿ ಎರಡು ವಾಹಿನಿಗಳ ಧ್ವನಿಮುದ್ರಣಕ್ಕೆ ಹಕ್ಕುಪತ್ರವನ್ನು ಕೋರಿದನು. 1940ರಲ್ಲಿ ಬಂದ ‘ಫ್ಯಾಂಟೇಸಿಯಾ’ ಎಂಬ ಚಲನಚಿತ್ರದಲ್ಲಿ ಧ್ವನಿ ಚಿತ್ರಮಂದಿರದ ಹಲವು ಕಡೆಗಳಿಂದ ಕೇಳಿಬಂದಿತು. ಯುನೆಸ್ಕೊ ಸಂಸ್ಥೆಯ ಸಲಹೆಗಾರನಾಗಿ ಕೆಲವು ಕಾಲ ಭಾರತದಲ್ಲಿ ಕೆಲಸ ಮಾಡಿದ ರೇ ಡಾಲ್ಬಿ 1965ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಸಂಸ್ಥೆಯು ಚಲನಚಿತ್ರದ ಧ್ವನಿಯ ರೂಪವನ್ನೇ ಬದಲಾಯಿಸಿತು. 1992ರಿಂದ ಆರು ವಾಹಿನಿಗಳ ಅಂಕೀಯ ಧ್ವನಿ ಚಿತ್ರಮಂದಿರಗಳಿಗೆ ಬಂದಿತು. ಅಲ್ಲಿಂದ ಅದು ಮನೆಗಳಿಗೂ ಇಳಿಯಿತು.

ಈ ವ್ಯವಸ್ಥೆಯನ್ನು ‘5.1’ ಎಂಬ ಅಂಕಿಗಳಿಂದ ಸೂಚಿಸುವುದುಂಟು. ಎದುರಿಗೆ ಎಡ, ಬಲ ಮತ್ತು ನಡು ಎಂದು ಮೂರು ಧ್ವನಿಪೆಟ್ಟಿಗೆಗಳು, ಕೇಳುಗನ ಎರಡು ಪಕ್ಕಗಳಲ್ಲಿ ಎರಡು, ಒಟ್ಟು ಐದು. ಚುಕ್ಕಿಯ ಮುಂದಿನ ಒಂದು ಎಂಬುದು ಗುಡುಗಿನಂಥ ಅತಿ ಮಂದ್ರ ಸ್ವರಗಳಿಗೆ ಮೀಸಲಾದ ಪೆಟ್ಟಿಗೆ. ಇದನ್ನು ಸಬ್‌ವೂಫರ್ ಎನ್ನುವರು. ಧ್ವನಿಗ್ರಾಹಕದ ಕಾರ್ಯ ಮುಖ್ಯವಾಗಿ ಮೂರು ಬಗೆಯದು. ದೂರದರ್ಶನ, ಉಪಗ್ರಹ ಪೆಟ್ಟಿಗೆ, ತಟ್ಟೆಯ ಯಂತ್ರ ಮೊದಲಾದವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳುವುದು ಮೊದಲನೆಯದು. ಅಂಕಿಗಳ ರೂಪದಲ್ಲಿ ಬಂದ ಧ್ವನಿಯನ್ನು ಬಿಡಿಸಿ ಆಯಾ ವಾಹಿನಿಗೆ ಹಂಚುವುದು ಎರಡನೆಯದು. ಕ್ಷೀಣವಾದ ಆ ಸಂಕೇತಗಳಿಗೆ ಬಲ ತುಂಬಿ ಪೆಟ್ಟಿಗೆಗಳ ಪೊರೆಗಳನ್ನು ಅಲುಗಿಸುವಂತೆ ಮಾಡುವುದು ಮೂರನೆಯದು. ಕಾಲುವೆಯ ನೀರನ್ನು ತೂಬಿನಿಂದ ಬೇರೆ ಬೇರೆ ಗದ್ದೆಗಳಿಗೆ ಅಳತೆಯರಿತು ಹಾಯಿಸುವ ನೀರಗಂಟಿಯ ಕೆಲಸ ಅದರದು.

ಇಂಥ ಯಂತ್ರವನ್ನು ಕೊಳ್ಳಹೊರಟವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗುತ್ತಾರೆ. ಆದರೆ ಮೊದಲು ನೋಡಬೇಕಾದುದು ಮನೆಯ ಕೊಠಡಿಯನ್ನು. ಧ್ವನಿಯಲ್ಲಿ ಕಿವಿಗೆ ನೇರವಾಗಿ ಬಂದು ತಲುಪುವುದು ಒಂದು ಭಾಗ. ಗೋಡೆ, ನೆಲ, ಸೂರುಗಳಿಗೆ ಬಡಿದು ಮರಳಿ ಬರುವುದು ಇನ್ನೊಂದು ಭಾಗ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಬಾರಿ ಮರುದನಿಗೊಡುವುದನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಸರ್ ಸಿ.ವಿ. ರಾಮನ್ ಅವರೂ ಅಲ್ಲಿನ ಪಿಸುಮಾತಿನ ಮೊಗಸಾಲೆಯನ್ನು ಕುರಿತು ಅಧ್ಯಯನ ನಡೆಸಿದ್ದರು. ಗುಮ್ಮಟದಲ್ಲಿ ಅದು ಸೋಜಿಗ. ಮಾತು ಕೇಳಬೇಕಾದ ಕೊಠಡಿಯಲ್ಲಿ ಅದೇ ದೋಷ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಅರ್ಥವಾಗದೆ ಕಲಸಿಹೋಗುತ್ತಿತ್ತು. ಅದನ್ನು ಸರಿಪಡಿಸುವ ಹೊಣೆ ವ್ಯಾಲೇಸ್ ಸೇಬಿನ್ ಎಂಬ ತರುಣ ಅಧ್ಯಾಪಕನ ಮೇಲೆ ಬಿದ್ದಿತು. ಆತನು ಬೇರೊಂದು ಸಭಾಂಗಣದ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ತಂದು ಹರಡಿ, ಮರುದನಿ ಅಡಗಲು ಹಿಡಿಯುವ ಕಾಲವನ್ನು ಅಳೆದನು. ಮೆತ್ತೆಗಳು ಹೆಚ್ಚಿದಷ್ಟೂ ಮರುದನಿ ಬೇಗ ಅಡಗುತ್ತಿತ್ತು. ಕೊಠಡಿಯ ಗಾತ್ರ ಹಿರಿದಾದರೆ ಮರುದನಿ ದೀರ್ಘ, ಧ್ವನಿಯನ್ನು ಹೀರುವ ವಸ್ತುಗಳು ಹೆಚ್ಚಿದರೆ ಮರುದನಿ ಹ್ರಸ್ವ ಎಂಬ ಆತನ ಸೂತ್ರವನ್ನು ಇಂದಿಗೂ ಬಳಸುತ್ತಾರೆ.

ಕೋಲಾರದ ಕಡೆಯ ಹಳೆಯ ಮನೆಗಳಲ್ಲಿ ಕಲ್ಲುಚಪ್ಪಡಿಯ ಸೂರು ಕಾಣಸಿಗುತ್ತದೆ. ಹೊಸ ಮನೆಗಳಲ್ಲಿ ಕಾಂಕ್ರೀಟಿನ ಸೂರು, ನುಣುಪಾದ ನೆಲ. ಇವೆಲ್ಲವೂ ಧ್ವನಿಯನ್ನು ಹೀರದೆ ಹಿಂದಕ್ಕೆಸೆಯುವಂಥವು. ನಾಲ್ಕೂವರೆ ಮೀಟರ್ ಉದ್ದ, ಸುಮಾರು ಮೂರೂವರೆ ಮೀಟರ್ ಅಗಲದ ಬರಿದಾದ ಕೊಠಡಿಯಲ್ಲಿ ಮರುದನಿ ಎರಡು ಮೂರು ಸೆಕೆಂಡುಗಳವರೆಗೆ ಉಳಿಯಬಹುದು. ಅದು ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿದಾಗಲೇ ಮಾತು ತಿಳಿಯಾಗಿ ಕೇಳುವುದು. ಇದಕ್ಕೆ ಹಣ ಸುರಿಯಬೇಕಾಗಿಲ್ಲ. ನೆಲದ ಮೇಲೆ ಒಂದು ಜಮಖಾನ, ಕಿಟಕಿಗೆ ದಪ್ಪನೆಯ ಪರದೆ, ಎದುರು ಗೋಡೆಗೆ ತೂಗುಹಾಕಿದ ಕಂಬಳಿ ಅಥವಾ ಕೌದಿ, ಒಂದು ಪುಸ್ತಕದ ಕಪಾಟು ಇಷ್ಟು ಇದ್ದರೆ ಕೊಠಡಿಯ ಸ್ವರೂಪವೇ ಬದಲಾಗುತ್ತದೆ. ಇಷ್ಟನ್ನು ಮಾಡದೆ ಹೆಚ್ಚಿನ ಬೆಲೆಯ ಯಂತ್ರವನ್ನು ತಂದಿಟ್ಟರೆ ಬೆಲೆ ಹೆಚ್ಚಿದ ಗದ್ದಲ ಮಾತ್ರ ಕೇಳಿಬರುತ್ತದೆ.

ಅಂಗಡಿಯಲ್ಲಿ ಕೊಳ್ಳುವವನನ್ನು ಮರುಳುಗೊಳಿಸುವ ಮೊದಲ ಅಂಕಿ ವ್ಯಾಟ್. ಪೆಟ್ಟಿಗೆಯ ಮೇಲೆ ಸಾವಿರ, ಎರಡು ಸಾವಿರ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುವುದುಂಟು. ಕ್ಷಣಕಾಲದ ಉಬ್ಬರವನ್ನು ಲೆಕ್ಕ ಹಾಕಿ ಬರೆದ ಇಂಥ ಅಂಕಿಗೆ ಬೆಲೆ ಕಡಮೆ. ನಿರಂತರವಾಗಿ, ಎಲ್ಲ ಶ್ರುತಿಗಳಲ್ಲಿಯೂ, 8 ಓಮ್ ತಡೆಯ ಪೆಟ್ಟಿಗೆಗೆ ಒಂದೊಂದು ವಾಹಿನಿಯೂ ಎಷ್ಟು ವ್ಯಾಟ್ ನೀಡಬಲ್ಲುದೆಂಬುದೇ ನಿಜವಾದ ಅಳತೆ. ಸುಳ್ಳನ್ನು ಹಿಡಿಯಲು ಒಂದು ಸುಲಭ ಉಪಾಯವಿದೆ. ಯಂತ್ರದ ಬೆನ್ನಿನ ಫಲಕದಲ್ಲಿ ಅದು ಬಳಸುವ ವಿದ್ಯುತ್ತಿನ ಪ್ರಮಾಣವನ್ನು ಬರೆದಿರುತ್ತಾರೆ. ಶಕ್ತಿಯನ್ನು ಸೃಷ್ಟಿಸಲಾಗದು ಎಂಬುದು ಭೌತಶಾಸ್ತ್ರದ ಮೂಲ ನಿಯಮ. ಗೋಡೆಯಿಂದ 60 ವ್ಯಾಟ್ ಪಡೆಯುವ ಯಂತ್ರ ನಿರಂತರವಾಗಿ 1000 ವ್ಯಾಟ್ ಧಾರೆಯೆರೆಯಲಾರದು. ಕೊಡದಲ್ಲಿದ್ದಷ್ಟೇ ನೀರು ಚೊಂಬಿಗೆ ಬರುವುದು.

ಹಾಗಾದರೆ ಒಂದು ಮನೆಗೆ ಎಷ್ಟು ವ್ಯಾಟ್ ಬೇಕು? ಕಿವಿಯ ಲೆಕ್ಕ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ವ್ಯಾಟ್ ಇಮ್ಮಡಿಯಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ; ಅದು ಕಿವಿಗೆ ತುಸುವೇ ಹೆಚ್ಚೆನಿಸುತ್ತದೆ. ಧ್ವನಿ ಇಮ್ಮಡಿಯಾಯಿತೆಂದು ಅನಿಸಬೇಕಾದರೆ ವ್ಯಾಟ್ ಸುಮಾರು ಹತ್ತು ಪಟ್ಟಾಗಬೇಕು. ಸಾಧಾರಣ ಧ್ವನಿಪೆಟ್ಟಿಗೆಯೊಂದು 1 ವ್ಯಾಟ್‌ಗೆ, 1 ಮೀಟರ್ ದೂರದಲ್ಲಿ, 88 ಡೆಸಿಬೆಲ್‌ಗಳಷ್ಟು ಧ್ವನಿಯನ್ನು ಕೊಡುತ್ತದೆ. ಮೂರು ಮೀಟರ್ ದೂರದಲ್ಲಿ ಕುಳಿತವನಿಗೆ ಅದು 80 ಡೆಸಿಬೆಲ್ ಆಸುಪಾಸಿಗೆ ಇಳಿಯುತ್ತದೆ. ಮನೆಯಲ್ಲಿ ಕೇಳಲು ಅದೇ ಸಾಕಷ್ಟು ಗಟ್ಟಿಯಾದ ಧ್ವನಿ. ಎಂದರೆ ಬಹುಪಾಲು ಹೊತ್ತು ಬಳಕೆಯಾಗುವುದು ಒಂದೇ ಒಂದು ವ್ಯಾಟ್! ಗುಡುಗು, ಸಿಡಿತ, ತಮಟೆಯ ಏಟು ಇವು ಬಂದಾಗ ಕ್ಷಣಮಾತ್ರ ಹತ್ತಾರು ಪಟ್ಟು ಬಲ ಬೇಕಾಗುತ್ತದೆ. ಆದುದರಿಂದ ವಾಹಿನಿಗೆ ನಿಜವಾದ 50ರಿಂದ 80 ವ್ಯಾಟ್ ಕೊಡುವ ಯಂತ್ರ ಸಾಧಾರಣ ಮನೆಗೆ ಧಾರಾಳವಾಗಿ ಸಾಕು. ಅದಕ್ಕಿಂತ ಮಿಗಿಲಾದುದು ಅಲಂಕಾರ.

ಎರಡನೆಯ ಅಂಕಿ ಓಮ್. ಪೆಟ್ಟಿಗೆಯು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಇದು ಸೂಚಿಸುತ್ತದೆ. ತಡೆ ಕಡಮೆಯಾದಷ್ಟೂ ಯಂತ್ರದಿಂದ ಹರಿಯುವ ವಿದ್ಯುತ್ತು ಹೆಚ್ಚು. ಹರಿವು ಹೆಚ್ಚಿದಷ್ಟೂ ಶಾಖ ಹೆಚ್ಚು. 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಒಂದೇ ವಾಹಿನಿಗೆ ಸಮಾಂತರವಾಗಿ ಸೇರಿಸಿದರೆ ತಡೆ 4 ಓಮ್‌ಗೆ ಇಳಿಯುತ್ತದೆ. ಯಂತ್ರವು ತಾಳಬಲ್ಲ ಕನಿಷ್ಠ ತಡೆಯನ್ನು ಅದರ ಬೆನ್ನಿನ ಮೇಲೆಯೇ ಬರೆದಿರುತ್ತಾರೆ. ಅದನ್ನು ಓದದೆ ಜೋಡಿಸಿದವರು ಯಂತ್ರವನ್ನು ಸುಟ್ಟುಕೊಳ್ಳುವ ಸಂಭವವುಂಟು.

ಮೂರನೆಯದು ಸಂಪರ್ಕದ ಕಿಂಡಿಗಳು. ಮನೆಯಲ್ಲಿರುವ ಉಪಕರಣಗಳನ್ನು ಎಣಿಸಿ, ಅದಕ್ಕಿಂತ ಒಂದು ಹೆಚ್ಚು ಎಚ್‌ಡಿಎಂಐ ಕಿಂಡಿ ಇರುವ ಯಂತ್ರವನ್ನು ಆರಿಸುವುದು ಲೇಸು. ದೂರದರ್ಶನದ ಧ್ವನಿಯನ್ನು ಅದೇ ತಂತಿಯಲ್ಲಿ ಹಿಂದಕ್ಕೆ ತರುವ ‘ಎಆರ್‌ಸಿ’ ಎಂಬ ಏರ್ಪಾಡು ಎರಡರಲ್ಲಿಯೂ ಇದೆಯೇ ಎಂದು ನೋಡಬೇಕು. ಇದ್ದರೆ ತಂತಿಗಳ ಗೋಜಲು ತಪ್ಪುತ್ತದೆ. ಉಳಿದ ಹತ್ತಾರು ಹೆಸರುಗಳು, ಮುದ್ರೆಗಳು ಎಲ್ಲರಿಗೂ ಬೇಕಾದುವಲ್ಲ. ಕಾರ್ಯಕ್ರಮವೇ ಎರಡು ವಾಹಿನಿಗಳಲ್ಲಿ ಬರುತ್ತಿರುವಾಗ ಒಂಬತ್ತು ವಾಹಿನಿಗಳ ಯಂತ್ರವಿದ್ದರೂ ಹೊಸ ಧ್ವನಿ ಹುಟ್ಟುವುದಿಲ್ಲ, ಇದ್ದುದೇ ಹಂಚಿಹೋಗುತ್ತದೆ.

ಹಣವನ್ನು ಹಂಚುವುದರಲ್ಲಿಯೂ ವಿವೇಕ ಬೇಕು. ಗ್ರಾಹಕಕ್ಕಿಂತ ಧ್ವನಿಪೆಟ್ಟಿಗೆಗಳಿಗೆ ಹೆಚ್ಚು ಪಾಲು ಸಲ್ಲಬೇಕು. ಏಕೆಂದರೆ ಯಂತ್ರಗಳ ನಡುವಣ ಅಂತರಕ್ಕಿಂತ ಪೆಟ್ಟಿಗೆಗಳ ನಡುವಣ ಅಂತರ ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಐದು ಕಳಪೆ ಪೆಟ್ಟಿಗೆಗಳಿಗಿಂತ ಎರಡು ಒಳ್ಳೆಯ ಪೆಟ್ಟಿಗೆಗಳು ಮೇಲು. ಚಲನಚಿತ್ರದ ಸಂಭಾಷಣೆಯ ಬಹುಭಾಗ ಬರುವುದು ನಡುವಿನ ಪೆಟ್ಟಿಗೆಯಿಂದ. ಕಿವಿ ಮಂದವಾದ ಹಿರಿಯರಿರುವ ಮನೆಯಲ್ಲಿ ಅದಕ್ಕೇ ಮೊದಲ ಗಮನ ಕೊಡತಕ್ಕದ್ದು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಾಗಲಿ, ಹತ್ತಿರದ ಪಟ್ಟಣದಲ್ಲಾಗಲಿ ಕೊಳ್ಳುವಾಗ ಅಂಗಡಿಯವನು ಹಾಕುವ ಸಿಡಿತದ ದೃಶ್ಯಕ್ಕೆ ಮಾರುಹೋಗಬಾರದು. ಚೆನ್ನಾಗಿ ಪರಿಚಿತವಾದ ಒಂದು ಹಾಡನ್ನು, ಒಂದು ಭಾಷಣವನ್ನು ಕೊಂಡೊಯ್ದು ಕೇಳಬೇಕು. ತಂಬೂರಿಯ ಶ್ರುತಿ ತಂಬೂರಿಯಂತೆಯೂ ಮನುಷ್ಯನ ಮಾತು ಮನುಷ್ಯನ ಮಾತಿನಂತೆಯೂ ಕೇಳಿದರೆ ಆಯ್ಕೆ ಸರಿಯೆಂದು ತಿಳಿಯಬಹುದು.

ಇನ್ನು ಜೋಡಣೆಯ ವಿಚಾರ. ಕೇಳುಗನು ಕುಳಿತುಕೊಳ್ಳುವ ಸ್ಥಾನವೇ ಇಲ್ಲಿ ಕೇಂದ್ರ. ಅಲ್ಲಿಂದ ನೇರ ಎದುರಿನ ರೇಖೆಗೆ ಎಡಕ್ಕೂ ಬಲಕ್ಕೂ 30 ಅಂಶಗಳ ಕೋನದಲ್ಲಿ ಮುಂದಿನ ಎರಡು ಪೆಟ್ಟಿಗೆಗಳಿರಬೇಕು. ಹೀಗೆ ಇಟ್ಟಾಗ ಕೇಳುಗನೂ ಎರಡು ಪೆಟ್ಟಿಗೆಗಳೂ ಸಮಬಾಹು ತ್ರಿಕೋನದ ಮೂರು ಶೃಂಗಗಳಾಗುತ್ತಾರೆ. ನಡುವಿನ ಪೆಟ್ಟಿಗೆ ತೆರೆಯ ಕೆಳಗೆ ಅಥವಾ ಮೇಲೆ, ಕೇಳುಗನ ಕಿವಿಯತ್ತ ಮುಖಮಾಡಿರಬೇಕು. ಪಕ್ಕದ ಎರಡು ಪೆಟ್ಟಿಗೆಗಳು 100ರಿಂದ 120 ಅಂಶಗಳ ನಡುವೆ, ಎಂದರೆ ಕಿವಿಗಿಂತ ತುಸು ಹಿಂದೆ, ಕಿವಿಯ ಎತ್ತರಕ್ಕಿಂತ ಸ್ವಲ್ಪ ಮೇಲೆ ಇರತಕ್ಕವು. ನಾಲ್ಕು ಮೂಲೆಗಳಿಗೂ ಸೂರಿನ ಅಂಚಿಗೂ ಅವನ್ನು ಕಟ್ಟಿಬಿಡುವ ವಾಡಿಕೆ ನೋಟಕ್ಕೆ ಅನುಕೂಲ, ಕಿವಿಗೆ ಪ್ರತಿಕೂಲ.

ಸಬ್‌ವೂಫರ್‌ಗೆ ಈ ಕಟ್ಟು ಇಲ್ಲ. 80 ಹರ್ಟ್ಸ್ ಶ್ರುತಿಯ ಅಲೆಯ ಉದ್ದ ನಾಲ್ಕು ಮೀಟರಿಗೂ ಮಿಗಿಲು. ಅಷ್ಟು ದೀರ್ಘವಾದ ಅಲೆಯ ದಿಕ್ಕನ್ನು ಕೊಠಡಿಯೊಳಗೆ ಗುರುತಿಸುವುದು ಕಿವಿಗೆ ಕಷ್ಟ. ಆದರೆ ಕೊಠಡಿಯ ಒಂದೆಡೆ ಮಂದ್ರಸ್ವರ ಮೊಳಗುತ್ತದೆ, ಇನ್ನೊಂದೆಡೆ ಅಡಗಿಹೋಗುತ್ತದೆ. ತಕ್ಕ ಜಾಗವನ್ನು ಹುಡುಕಲು ಒಂದು ಚಮತ್ಕಾರವಿದೆ. ಪೆಟ್ಟಿಗೆಯನ್ನು ಕೇಳುಗನ ಪೀಠದ ಮೇಲೆ ಇಟ್ಟು ಒಂದು ಹಾಡನ್ನು ನುಡಿಸಿ, ಗೋಡೆಗುಂಟ ನಡೆಯುತ್ತ ಕೇಳಬೇಕು. ಎಲ್ಲಿ ಮಂದ್ರಸ್ವರ ಗಡುಸೂ ಅಲ್ಲದೆ ಬಡಕಲೂ ಅಲ್ಲದೆ ಸಮವಾಗಿ ಕೇಳುತ್ತದೆಯೋ ಅಲ್ಲಿ ಪೆಟ್ಟಿಗೆಯನ್ನಿಟ್ಟು, ಕೇಳುಗನು ತನ್ನ ಪೀಠಕ್ಕೆ ಮರಳಬೇಕು.

ತಂತಿಗಳ ವಿಷಯದಲ್ಲಿ ದುಬಾರಿಯಾದುದೇ ಉತ್ತಮವೆಂಬ ಭ್ರಮೆ ಹರಡಿದೆ. ಹತ್ತು ಮೀಟರಿನವರೆಗೆ ಒಂದೂವರೆ ಚದರ ಮಿಲಿಮೀಟರ್ ದಪ್ಪದ ಶುದ್ಧ ತಾಮ್ರದ ತಂತಿ ಸಾಕು. ಅದಕ್ಕೂ ದೂರವಾದರೆ ಎರಡೂವರೆ ಚದರ ಮಿಲಿಮೀಟರ್. ಯಂತ್ರದ ಕೆಂಪು ಕಿಂಡಿಯಿಂದ ಪೆಟ್ಟಿಗೆಯ ಕೆಂಪು ಕಿಂಡಿಗೆ, ಕಪ್ಪಿನಿಂದ ಕಪ್ಪಿಗೆ ಸೇರಿಸುವುದು ಮುಖ್ಯ. ಒಂದು ಪೆಟ್ಟಿಗೆಯಲ್ಲಿ ಮಾತ್ರ ಇದು ಅದಲುಬದಲಾದರೆ ಒಂದರ ಪೊರೆ ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಸರಿಯುತ್ತದೆ. ಮಂದ್ರಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ. ತಂತಿಯ ಎಳೆಯೊಂದು ಪಕ್ಕದ ಕಿಂಡಿಗೆ ತಗುಲಿದರೆ ಯಂತ್ರಕ್ಕೇ ಅಪಾಯ. ಜೋಡಿಸುವ ಕೆಲಸವೆಲ್ಲ ವಿದ್ಯುತ್ತನ್ನು ತಪ್ಪಿಸಿದ ಮೇಲೆಯೇ ನಡೆಯಬೇಕು.

ಬಳಿಕ ಯಂತ್ರಕ್ಕೆ ಕೊಠಡಿಯ ಪರಿಚಯ ಮಾಡಿಕೊಡಬೇಕು. ಧ್ವನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಹಿಡಿಯುತ್ತದೆ. ಹತ್ತಿರದ ಪೆಟ್ಟಿಗೆಯ ಧ್ವನಿ ಮೊದಲು, ದೂರದ್ದು ಆಮೇಲೆ ಬರದಂತೆ ಯಂತ್ರವು ಹತ್ತಿರದ್ದನ್ನು ತುಸು ತಡೆದು ಕಳುಹಿಸುತ್ತದೆ. ಇದಕ್ಕಾಗಿ ಪ್ರತಿಯೊಂದು ಪೆಟ್ಟಿಗೆಯ ದೂರವನ್ನು ಅಳೆದು ಯಂತ್ರಕ್ಕೆ ತಿಳಿಸಬೇಕು. ಅನಂತರ ಯಂತ್ರವೇ ಹೊರಡಿಸುವ ಪರೀಕ್ಷಾಧ್ವನಿಯನ್ನು ಕೇಳುತ್ತ ಎಲ್ಲ ಪೆಟ್ಟಿಗೆಗಳ ಮಟ್ಟವನ್ನು ಸಮಗೊಳಿಸಬೇಕು. ಹಲವು ಯಂತ್ರಗಳೊಡನೆ ಬರುವ ಪುಟ್ಟ ಮೈಕ್ರೊಫೋನ್ ಈ ಕೆಲಸವನ್ನು ತಾನೇ ಮಾಡುತ್ತದೆ. ಅದನ್ನು ಕೇಳುಗನ ಕಿವಿಯ ಎತ್ತರದಲ್ಲಿಟ್ಟು, ಪಂಖವನ್ನು ನಿಲ್ಲಿಸಿ, ಮನೆಯವರು ಕೆಲಹೊತ್ತು ಮೌನವಾಗಿರಬೇಕು.

ಯಂತ್ರದ ಆಯುಸ್ಸು ಅದಕ್ಕೆ ದೊರೆಯುವ ವಿದ್ಯುತ್ತನ್ನು ಅವಲಂಬಿಸಿದೆ. ಕೋಲಾರ ಜಿಲ್ಲೆಗೂ ವಿದ್ಯುತ್ತಿಗೂ ಇರುವ ನಂಟು ಹಿರಿದು. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಂದಿಗೆ ಅದೊಂದು ಮಹಾಸಾಹಸ. ಇಂದು ಹಳ್ಳಿಹಳ್ಳಿಗೂ ವಿದ್ಯುತ್ತು ಬಂದಿದೆಯಾದರೂ ಅದರ ಒತ್ತಡದ ಏರಿಳಿತಗಳು ನಿಂತಿಲ್ಲ. ಆದುದರಿಂದ ತಕ್ಕ ಸ್ಟೆಬಿಲೈಸರ್ ಬೇಕು. ಮೂರು ಮೊಳೆಯ ಪ್ಲಗ್ಗು ಮತ್ತು ನೆಲಸಂಪರ್ಕ ಅದಕ್ಕಿಂತಲೂ ಹೆಚ್ಚಾಗಿ ಬೇಕು. ಕೆಂಪು ಮಣ್ಣಿನ ಒಣಸೀಮೆಯಲ್ಲಿ ಬೇಸಗೆ ಬಂದೊಡನೆ ನೆಲಸಂಪರ್ಕದ ಗುಂಡಿಯೂ ಒಣಗಿ ನಿಷ್ಪ್ರಯೋಜಕವಾಗುತ್ತದೆ. ಆಗಾಗ ಅದಕ್ಕೆ ನೀರೆರೆಯುವುದನ್ನು ಮರೆಯಬಾರದು. ಸಿಡಿಲು ಮಳೆಯ ಸೂಚನೆ ಕಂಡೊಡನೆ ಪ್ಲಗ್ಗನ್ನೂ ಉಪಗ್ರಹ ತಟ್ಟೆಯಿಂದ ಬರುವ ತಂತಿಯನ್ನೂ ಬಿಡಿಸಿಡುವುದು ಕ್ಷೇಮ. ಯಂತ್ರದ ಮೇಲೆ ಗೇಣುದ್ದದ ಬಯಲು ಬಿಟ್ಟು, ಶಾಖ ಹೊರಹೋಗಲು ದಾರಿ ಮಾಡಬೇಕು. ಧೂಳು ಬೀಳದಿರಲೆಂದು ಹೊದಿಸಿದ ಬಟ್ಟೆಯನ್ನು ಯಂತ್ರ ನಡೆಯುವಾಗ ತೆಗೆಯದಿದ್ದರೆ ರಕ್ಷಣೆಯೇ ಕಂಟಕವಾದೀತು.

ಕೊನೆಯದಾಗಿ, ಆದರೆ ಎಲ್ಲಕ್ಕಿಂತ ಮಿಗಿಲಾಗಿ, ಧ್ವನಿಯ ಮಿತಿಯ ಪ್ರಶ್ನೆ. ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್‌ಗಳವರೆಗೆ ಕೇಳಿದರೆ ಕಿವಿಗೆ ಅಪಾಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 90 ಡೆಸಿಬೆಲ್ ಆದರೆ ಆ ಅವಧಿ 4 ಗಂಟೆಗೆ ಇಳಿಯುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಯಾವ ಅಂಗಡಿಯಲ್ಲಿಯೂ ಅವು ಬೆಲೆಗೆ ದೊರೆಯುವುದಿಲ್ಲ. ಭಾರತದಲ್ಲಿ 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ. ಗೋಡೆಗೆ ಗೋಡೆ ಅಂಟಿಕೊಂಡ ಊರಿನಲ್ಲಿ ಒಂದು ಮನೆಯ ಸಬ್‌ವೂಫರಿನ ಗುಡುಗು ಪಕ್ಕದ ಮನೆಯ ರೋಗಿಯ ಎದೆಯನ್ನು ತಟ್ಟುತ್ತದೆ. ಪರೀಕ್ಷೆಗೆ ಓದುವ ಮಗುವಿನ ಪುಟವನ್ನು ಅಳಿಸುತ್ತದೆ. ಗದ್ದಲದ ಭಾಗವನ್ನು ತಗ್ಗಿಸಿ ಮಾತಿನ ಭಾಗವನ್ನು ಎತ್ತಿಕೊಡುವ ‘ರಾತ್ರಿಯ ಸ್ಥಿತಿ’ ಹಲವು ಯಂತ್ರಗಳಲ್ಲಿದೆ. ಅದನ್ನು ಬಳಸುವುದು ಯಂತ್ರಜ್ಞಾನವಷ್ಟೇ ಅಲ್ಲ, ನೆರೆಹೊರೆಯ ಧರ್ಮವೂ ಹೌದು.

ಧ್ವನಿಗ್ರಾಹಕವು ಭೋಗವಸ್ತುವೆಂದು ಅದನ್ನು ಹಳಿಯಬೇಕಾಗಿಲ್ಲ. ತಕ್ಕುದನ್ನು ಆರಿಸಿ ತಕ್ಕಂತೆ ಇರಿಸಿದರೆ ಅದು ದೂರದ ಗಾಯಕನನ್ನು ಹಳ್ಳಿಯ ಪಡಸಾಲೆಗೆ ಕರೆತರುತ್ತದೆ. ಕಿವಿ ಮಂದವಾದ ಅಜ್ಜಿಗೆ ನಾಟಕದ ಮಾತನ್ನು ಮರಳಿ ಒದಗಿಸುತ್ತದೆ. ಬೆವರು ಸುರಿಸಿ ಗಳಿಸಿದ ಹಣವನ್ನು ಪೆಟ್ಟಿಗೆಯ ಮೇಲಣ ಅಂಕಿಗಳಿಗೆ ಒಪ್ಪಿಸದೆ, ಕೊಠಡಿಯನ್ನು ಅರಿತು, ಕಿವಿಯನ್ನು ನಂಬಿ, ಮಿತಿಯನ್ನು ಕಾಯ್ದುಕೊಂಡವರಿಗೆ ಯಂತ್ರವು ವಿಧೇಯ ಸೇವಕನಾಗುತ್ತದೆ. ಒಳ್ಳೆಯ ಧ್ವನಿಯ ಲಕ್ಷಣ ಅದು ಎಷ್ಟು ದೂರ ಕೇಳುತ್ತದೆ ಎಂಬುದರಲ್ಲಿಲ್ಲ, ಎಷ್ಟು ತಿಳಿಯಾಗಿ ಕೇಳುತ್ತದೆ ಎಂಬುದರಲ್ಲಿದೆ.

ಅಭ್ಯಾಸ

1. ಬಾನುಲಿಯ ಭಾಗ ಗೌಣವಾದರೂ ಯಂತ್ರಕ್ಕೆ ‘ಗ್ರಾಹಕ’ ಎಂಬ ಹೆಸರು ಉಳಿದುದೇಕೆ?
2. ವ್ಯಾಲೇಸ್ ಸೇಬಿನ್ ನಡೆಸಿದ ಪ್ರಯೋಗವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.
3. ಪೆಟ್ಟಿಗೆಯ ಮೇಲೆ ಮುದ್ರಿಸಿದ ವ್ಯಾಟ್ ಸುಳ್ಳೋ ನಿಜವೋ ಎಂಬುದನ್ನು ತಿಳಿಯುವ ಬಗೆ ಹೇಗೆ?
4. ‘ಕೊಡದಲ್ಲಿದ್ದಷ್ಟೇ ನೀರು ಚೊಂಬಿಗೆ ಬರುವುದು.’ ಈ ವಾಕ್ಯದ ಸ್ವಾರಸ್ಯವನ್ನು ತಿಳಿಸಿರಿ.
5. ನಿಮ್ಮ ಮನೆಯ ಒಂದು ಕೊಠಡಿಯ ನಕ್ಷೆಯನ್ನು ಬರೆದು, ಐದು ಧ್ವನಿಪೆಟ್ಟಿಗೆಗಳ ಸ್ಥಾನಗಳನ್ನು ಗುರುತಿಸಿರಿ.